ತೋಟಾ ಆರಿಸುವುದು

ಲ್ಯಾಟಿನ್ ಭಾಷೆಯ 'ಮ್ಯಾಗ್ನಸ್' ಎಂಬ ಶಬ್ದವೂ ಸಂಸ್ಕೃತದ 'ಮಹತ್' ಎಂಬ ಶಬ್ದವೂ ಒಂದೇ ಬೇರಿನಿಂದ ಚಿಗುರಿದವೆಂಬುದು ಭಾಷಾಶಾಸ್ತ್ರವನ್ನು ಅಷ್ಟಿಷ್ಟು ಬಲ್ಲ ವಾಚಕರಿಗೆ ಹೊಸ ಸಂಗತಿಯಲ್ಲ. ಆ ಲ್ಯಾಟಿನ್ ಶಬ್ದದ ನಪುಂಸಕಲಿಂಗರೂಪವಾದ 'ಮ್ಯಾಗ್ನಮ್' ಎಂಬ ಹೆಸರನ್ನು ಇಂಗ್ಲಿಷರು ಮೊದಲು ದ್ರಾಕ್ಷಾಮದ್ಯದ ದೊಡ್ಡ ಸೀಸೆಗೆ ಇಟ್ಟರು. ಸಾಧಾರಣ ಸೀಸೆಯ ಇಮ್ಮಡಿ, ಎಂದರೆ ಒಂದೂವರೆ ಲೀಟರು ಹಿಡಿಯುವಂಥದು. ಸೀಸೆಯಿಂದ ಆ ಹೆಸರು ತೋಟಾಕ್ಕೆ ಹಾರಿತು. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಎಂಬ ಬಂದೂಕಿನ ಕಾರ್ಖಾನೆಯವರು 1912ರಲ್ಲಿ ದೊಡ್ಡ ಮೃಗಗಳ ಬೇಟೆಗೆಂದು ಹೊರತಂದ .375ರ ತೋಟಾಕ್ಕೆ ಮ್ಯಾಗ್ನಮ್ ಎಂದೇ ಹೆಸರು. ಮದ್ಯದ ಸೀಸೆಗೂ ಮದ್ದಿನ ಕೋಶಕ್ಕೂ ಒಂದೇ ನಾಮಧೇಯವಾದದ್ದು ವಿನೋದವೇ. ಎರಡರಲ್ಲಿಯೂ ಅಳತೆ ಮೀರಿದರೆ ಕೈ ನಡುಗುವುದು ನಿಶ್ಚಯ.

ಅಮೆರಿಕ ದೇಶದಲ್ಲಿ ಇಂತಹ ತೋಟಾಗಳನ್ನು ಮಾರುವ ಅಂಗಡಿಗಳು ಸಣ್ಣ ಊರುಗಳಲ್ಲಿಯೂ ಇವೆ. ಅಲ್ಲಿಗೆ ಹೋಗಿ ನಿಲ್ಲುವ ಒಬ್ಬ ಗೃಹಸ್ಥನನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು. ಅವನು ಯೋಧನಲ್ಲ, ಪೊಲೀಸಿನವನೂ ಅಲ್ಲ; ಹೆಂಡತಿಯೂ ಎಳೆಯ ಮಗಳೂ ಇರುವ ಸಾಧಾರಣ ಸಂಸಾರಿ. ಮನೆಯ ರಕ್ಷಣೆಗೆಂದೂ, ವರ್ಷಕ್ಕೊಮ್ಮೆ ಬೆಟ್ಟದ ಕಾಡಿಗೆ ಹೋಗುವಾಗ ಜೊತೆಗಿರಲೆಂದೂ .357 ಮ್ಯಾಗ್ನಮ್ ರಿವಾಲ್ವರೊಂದನ್ನು ಕೊಂಡಿದ್ದಾನೆ. ಕೊಳ್ಳುವುದು ಸುಲಭವಾಯಿತು. ಈಗ ಅದರೊಳಗೆ ಏನನ್ನು ತುಂಬಬೇಕೆಂಬ ಪ್ರಶ್ನೆ. ಗೋಡೆಯುದ್ದಕ್ಕೂ ಅಟ್ಟಣೆಗಳ ಮೇಲೆ ಬಣ್ಣಬಣ್ಣದ ಪೆಟ್ಟಿಗೆಗಳು. ಅವುಗಳ ಮೇಲೆ 110, 125, 158, 180 ಎಂಬ ಅಂಕಿಗಳು. ಒಂದೊಂದರ ಹಣೆಯ ಮೇಲೂ ತಾನೇ ಸರ್ವೋತ್ತಮವೆಂಬ ಬಿರುದು.

ಆ ಅಂಕಿಗಳು ಗುಂಡಿನ ತೂಕವನ್ನು ಗ್ರೈನಿನ ಲೆಕ್ಕದಲ್ಲಿ ಹೇಳುತ್ತವೆ. ಗ್ರೈನೆಂದರೆ ಧಾನ್ಯದ ಕಾಳು. ಗುಲಗಂಜಿಯಿಂದ ಬಂಗಾರವನ್ನು ತೂಗಿದ ನಾಡಿನವರಿಗೆ ಇದು ಅಪರಿಚಿತವಾದ ಪದ್ಧತಿಯೇನೂ ಅಲ್ಲ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಗೊತ್ತುಪಡಿಸಿದ ತೊಲಕ್ಕೆ ಸರಿಯಾಗಿ 180 ಗ್ರೈನು. ಆದುದರಿಂದ ಅಂಗಡಿಯಲ್ಲಿರುವ ಅತ್ಯಂತ ಭಾರವಾದ ಆ 180ರ ಗುಂಡು ಒಂದು ತೊಲ ತೂಗುತ್ತದೆ. ವಾಡಿಕೆಯ 158ರ ಗುಂಡು ಒಂದು ತೊಲಕ್ಕೆ ತುಸು ಕಡಿಮೆ. ಮದುವೆಯ ಮನೆಯಲ್ಲಿ ಒಂದು ತೊಲದ ಉಂಗುರವನ್ನು ಅಂಗೈಯಲ್ಲಿಟ್ಟು ತೂಕ ನೋಡಿದವರಿಗೆ ಈ ವಸ್ತು ಎಷ್ಟು ಚಿಕ್ಕದೆಂಬುದು ತಿಳಿದೀತು. ಅಷ್ಟು ಚಿಕ್ಕ ಸೀಸದ ತುಂಡಿಗೆ ಭಯಂಕರತ್ವ ಬರುವುದು ವೇಗದಿಂದ. ತೂಕ ಇಮ್ಮಡಿಯಾದರೆ ಶಕ್ತಿ ಇಮ್ಮಡಿಯಾಗುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿಯಾಗುತ್ತದೆ. ಮ್ಯಾಗ್ನಮ್ಮಿನ ರಹಸ್ಯವೆಲ್ಲವೂ ಈ ಒಂದು ಗಣಿತದಲ್ಲಿದೆ.

ಅದಕ್ಕೂ ಹಿಂದಿನ .38 ಸ್ಪೆಷಲ್ ಎಂಬ ತೋಟಾ 19ನೆಯ ಶತಮಾನದ ಕೊನೆಯಲ್ಲಿ ಹುಟ್ಟಿತು. ಅದು 158 ಗ್ರೈನಿನ ಗುಂಡನ್ನು ಸೆಕೆಂಡಿಗೆ ಸುಮಾರು 750 ಅಡಿಯ ವೇಗದಿಂದ ಕಳುಹಿಸುತ್ತಿತ್ತು; ಊರ ಪೊಲೀಸಿನವನಿಗೆ ಅದು ಬಹುಕಾಲ ಸಾಕಾಗಿತ್ತು. ಸಾಕಾಗದಂತೆ ಮಾಡಿದ್ದು ಮೋಟಾರು ಗಾಡಿ. 1920ರ ದಶಕದ ದರೋಡೆಕಾರರು ಮೋಟಾರಿನಲ್ಲಿ ಬಂದು ಮೋಟಾರಿನಲ್ಲಿಯೇ ಓಡತೊಡಗಿದಾಗ, ಮೆತ್ತಗಿನ ಸೀಸದ ಗುಂಡು ಬಾಗಿಲಿನ ಉಕ್ಕಿನ ತಗಡಿಗೆ ತಗುಲಿ ಚಪ್ಪಟೆಯಾಗಿ ಉದುರುತ್ತಿತ್ತು. ಸ್ಮಿತ್ ಅಂಡ್ ವೆಸನ್ ಕಾರ್ಖಾನೆಯವರು 1930ರಲ್ಲಿ ದೊಡ್ಡ ಚೌಕಟ್ಟಿನ ಭಾರವಾದ ರಿವಾಲ್ವರೊಂದನ್ನು ಮಾಡಿ .38ಕ್ಕೆ ಹೆಚ್ಚು ಮದ್ದನ್ನು ತಿನ್ನಿಸಿದರು. ಅದು ಸಹಿಸಿತೆಂದು ಕಂಡಮೇಲೆ, ಆ ಮನೆತನದ ಮೇಜರ್ ಡಗ್ಲಸ್ ವೆಸನ್, ಶಸ್ತ್ರವಿಷಯದ ಲೇಖಕನಾದ ಫಿಲಿಪ್ ಶಾರ್ಪ್, ವಿಂಚೆಸ್ಟರ್ ತೋಟಾ ಕಾರ್ಖಾನೆ, ಇವರೆಲ್ಲರ ಪ್ರಯತ್ನದಿಂದ 1935ರಲ್ಲಿ .357 ಮ್ಯಾಗ್ನಮ್ ಹೊರಬಂದಿತು. ಮೊದಲನೆಯ ರಿವಾಲ್ವರು ಅಮೆರಿಕದ ಗುಪ್ತಪೊಲೀಸಿನ ಮುಖ್ಯಸ್ಥನಾಗಿದ್ದ ಎಡ್ಗರ್ ಹೂವರನಿಗೆ ಕಾಣಿಕೆಯಾಗಿ ಸಂದಿತು. ಬೆಲೆ 60 ಡಾಲರು. ಜನರು ಕೆಲಸವಿಲ್ಲದೆ ರೊಟ್ಟಿಗಾಗಿ ಸಾಲುನಿಲ್ಲುತ್ತಿದ್ದ ಆ ದಿನಗಳಲ್ಲಿ ಅಷ್ಟು ಹಣ ಕೊಡುವವರು ಯಾರೆಂದು ಕೇಳಬಹುದು. ಆದರೂ ಕಾರ್ಖಾನೆಯವರು ಬೇಡಿಕೆಯನ್ನು ಪೂರೈಸಲಾರದೆ ಹೋದರು.

ಈ ಹೆಸರುಗಳಲ್ಲಿ ಒಂದು ಅಬದ್ಧವುಂಟು. .38 ಎಂದು ಕರೆಯುವ ತೋಟಾದ ಗುಂಡಿನ ವ್ಯಾಸವೂ ನಿಜವಾಗಿ .357 ಅಂಗುಲವೇ. ಹಳೆಯದು ಸುಳ್ಳು ಹೇಳಿತು, ಹೊಸದು ನಿಜ ಹೇಳಿತು. ಜನರು ಎರಡನ್ನೂ ನಂಬಿದರು. ಎರಡರ ಗುಂಡೂ ಒಂದೇ ದಪ್ಪವಾದುದರಿಂದ ಮ್ಯಾಗ್ನಮ್ ರಿವಾಲ್ವರಿನಲ್ಲಿ .38ರ ತೋಟಾವನ್ನು ನಿರಾತಂಕವಾಗಿ ಹಾಕಬಹುದು. ಇದರ ವಿಪರೀತವು ಮಾತ್ರ ಸಲ್ಲದು, ಏಕೆಂದರೆ.38ರೊಳಗೆ ಹುಟ್ಟುವ ಒತ್ತಡ ಚದರ ಅಂಗುಲಕ್ಕೆ 17,000 ಪೌಂಡಿನ ಮಿತಿಯದು, ಮ್ಯಾಗ್ನಮ್ಮಿನದು 35,000. ಹಳೆಯ ರಿವಾಲ್ವರು ಅದನ್ನು ತಾಳಲಾರದೆ ಹಾರಿಸಿದವನ ಕೈಯಲ್ಲಿಯೇ ಒಡೆದೀತು. ಆದುದರಿಂದ ಮಾಡಿದವರು ಹಿತ್ತಾಳೆಯ ಕೋಶವನ್ನು ಅಂಗುಲದ ಎಂಟನೆಯ ಒಂದು ಭಾಗಕ್ಕಿಂತ ತುಸು ಹೆಚ್ಚಾಗಿ ಉದ್ದಮಾಡಿದರು. ಉದ್ದವಾದದ್ದು ಹಳೆಯ ರಿವಾಲ್ವರಿನ ತೂತಿನಲ್ಲಿ ಪೂರ್ತಿಯಾಗಿ ಕೂಡುವುದಿಲ್ಲ, ಉರುಳೆ ಮುಚ್ಚಿಕೊಳ್ಳುವುದಿಲ್ಲ. ಎಚ್ಚರಿಕೆಯ ಮಾತನ್ನು ಕಾಗದದಲ್ಲಿ ಬರೆದರೆ ಓದದವರಿದ್ದಾರೆ, ಲೋಹದಲ್ಲಿಯೇ ಬರೆದುಬಿಟ್ಟರು. ಈ ಕಥೆಯಲ್ಲೆಲ್ಲ ಶ್ಲಾಘ್ಯವಾದ ಬುದ್ಧಿ ಯಾವುದೆಂದು ಕೇಳಿದರೆ ಈ ಅಂಗುಲದ ಎಂಟನೆಯ ಭಾಗವನ್ನೇ ತೋರಿಸಬೇಕಾಗುತ್ತದೆ.

ಬಲವನ್ನು ಬಲಕ್ಕಾಗಿಯೇ ಅರಸಿದವರೂ ಇದ್ದರು. ಐಡಾಹೋ ಸೀಮೆಯ ಸಾಲ್ಮನ್ ಎಂಬ ಊರಿನಲ್ಲಿ ನೆಲಸಿದ್ದ ಎಲ್ಮರ್ ಕೀತ್ ಅಂತಹವನು. ದನಗಾಹಿಗಳ ದೊಡ್ಡ ಟೊಪ್ಪಿಗೆ, ಬಾಯಲ್ಲಿ ಚುಟ್ಟಾ, ಬಾಲ್ಯದಲ್ಲಿ ಬೆಂಕಿಯ ಅನಾಹುತದಲ್ಲಿ ಸುಟ್ಟು ಬಹುಕಷ್ಟದಿಂದ ಗುಣವಾದ ದೇಹ. 1920ರ ದಶಕದಲ್ಲಿ .45ರ ಹಳೆಯ ರಿವಾಲ್ವರಿಗೆ ಹೆಚ್ಚು ಹೆಚ್ಚು ಮದ್ದು ತುಂಬಿ ನೋಡಿ ಅದು ಕೈಯಲ್ಲಿ ಒಡೆದಮೇಲೆ, .44 ಸ್ಪೆಷಲ್ ಎಂಬುದರ ಉರುಳೆಯ ಗೋಡೆ ಹೆಚ್ಚು ದಪ್ಪವೆಂದು ಕಂಡುಕೊಂಡು ಅದಕ್ಕೆ ಕೈಹಾಕಿದನು. ಸುಮಾರು ಮೂವತ್ತು ವರ್ಷ ಪತ್ರಿಕೆಗಳಲ್ಲಿ ಅದನ್ನೇ ಬರೆದು, ಕಾರ್ಖಾನೆಯವರನ್ನು ಕಾಡಿ ಬೇಡಿ ಬೈದು, ಕೊನೆಗೆ 1955ರ ಅಂತ್ಯದಲ್ಲಿ ರೆಮಿಂಗ್ಟನ್ ಮತ್ತು ಸ್ಮಿತ್ ಅಂಡ್ ವೆಸನ್‌ರಿಂದ .44 ಮ್ಯಾಗ್ನಮ್ಮನ್ನು ಹೊರಡಿಸಿದನು. 240 ಗ್ರೈನಿನ ಗುಂಡು, ಎಂದರೆ ಒಂದೂ ಮೂರನೆಯ ಒಂದು ತೊಲ. ವೇಗ ಸೆಕೆಂಡಿಗೆ ಸುಮಾರು 1350 ಅಡಿ. ಶಬ್ದದ ವೇಗವನ್ನು ಅದು ಮೀರುತ್ತದೆ. ಅದನ್ನು ಕೊಂಡ ಎಷ್ಟೋ ಮಂದಿ ಮೊದಲನೆಯ ಪೆಟ್ಟಿಗೆಯಲ್ಲಿ ಐದಾರು ತೋಟಾ ಹಾರಿಸಿ, ಉಳಿದವನ್ನೂ ರಿವಾಲ್ವರನ್ನೂ ಒಟ್ಟಿಗೆ ಮಾರಿಬಿಟ್ಟರೆಂದು ಆ ದೇಶದ ಅಂಗಡಿಯವರು ನಗುತ್ತ ಹೇಳುವುದುಂಟು.

ಕೀತನು ಬೆಟ್ಟದ ಬೇಟೆಗಾರ. ಅವನ ಗುರಿಗೆ ಹಿಂದುಗಡೆ ಇರುತ್ತಿದ್ದದ್ದು ಬಂಡೆಯೋ ಮಣ್ಣಿನ ದಿಬ್ಬವೋ. ಅಂಗಡಿಯಲ್ಲಿ ನಿಂತಿರುವ ಗೃಹಸ್ಥನ ಸ್ಥಿತಿ ಹಾಗಲ್ಲ. ಅವನ ಗುರಿಗೆ ಹಿಂದುಗಡೆ ಏನಿದೆಯೆಂಬುದೇ ಅವನ ಮುಖ್ಯ ಪ್ರಶ್ನೆ. ಆ ದೇಶದ ಮನೆಯ ಒಳಗೋಡೆಗಳು ಇಲ್ಲಿಯ ಹಳೆಯ ಮನೆಗಳ ಮೊಳದಗಲದ ಮಣ್ಣಿನ ಗೋಡೆಗಳಂತಲ್ಲ. ಮರದ ಕಂಬಗಳ ಎರಡು ಮಗ್ಗುಲಿಗೂ ಅರ್ಧ ಅಂಗುಲ ದಪ್ಪದ ಜಿಪ್ಸಮ್ ಹಲಗೆಯನ್ನು ಮೊಳೆಹೊಡೆದು ಬಣ್ಣ ಬಳಿದರೆ ಗೋಡೆಯಾಯಿತು. ಮುಷ್ಟಿಯಿಂದ ಗುದ್ದಿದರೂ ತೂತು ಬೀಳುವಂಥದು. ಮ್ಯಾಗ್ನಮ್ಮಿನ ಗುಂಡು ಅಂತಹ ಒಂದಲ್ಲ, ಹಲವು ಗೋಡೆಗಳನ್ನು ಹೊಕ್ಕು ಹೊರಡುತ್ತದೆ. ಗೋಡೆಯ ಆಚೆ ಮಗಳು ಮಲಗಿದ್ದಾಳೆ.

ಸೌಪ್ತಿಕ ಪರ್ವದ ಕೊನೆಯ ಕಥೆ ಇಲ್ಲಿ ಸ್ಮರಣೆಗೆ ಬರುವುದು ಸಹಜ. ಅಶ್ವತ್ಥಾಮನು ಒಂದು ಹುಲ್ಲುಕಡ್ಡಿಯನ್ನು ಅಭಿಮಂತ್ರಿಸಿ ಮಹಾಸ್ತ್ರವನ್ನು ಬಿಟ್ಟನು. ಅರ್ಜುನನೂ ಪ್ರತಿಯಾಗಿ ಬಿಟ್ಟನು. ವ್ಯಾಸನಾರದರು ನಡುವೆ ನಿಂತು ತಡೆದರು. ಅರ್ಜುನನು ತನ್ನದನ್ನು ಹಿಂದಕ್ಕೆ ಕರೆದನು. ಅಶ್ವತ್ಥಾಮನಿಗೆ ಬಿಡುವುದು ತಿಳಿದಿತ್ತು, ಹಿಂದೆಗೆಯುವುದು ತಿಳಿದಿರಲಿಲ್ಲ. ಅದು ರಣರಂಗಕ್ಕೆ ಸಂಬಂಧವೇ ಇಲ್ಲದ, ಇನ್ನೂ ಹುಟ್ಟಿಯೇ ಇರದ ಉತ್ತರೆಯ ಗರ್ಭಸ್ಥ ಶಿಶುವನ್ನು ಹೋಗಿ ತಗುಲಿತು. ಅರ್ಜುನನಿಗಿದ್ದ ಉಪಸಂಹಾರವಿದ್ಯೆ ತೋಟಾದ ಯಾವ ಪೆಟ್ಟಿಗೆಯಲ್ಲಿಯೂ ಇಲ್ಲ. ಅದಕ್ಕೆ ಬದಲಾಗಿ ಮನುಷ್ಯನು ಕಂಡುಹಿಡಿದುಕೊಂಡದ್ದು ಪೊಳ್ಳು ಮೂತಿಯ ಗುಂಡು.

ಗುಂಡಿನ ತುದಿಯಲ್ಲಿ ಬಟ್ಟಲಿನಂತೆ ಒಂದು ಕುಳಿ. ದೇಹವನ್ನು ಹೊಕ್ಕೊಡನೆ ಆ ಕುಳಿಯಲ್ಲಿ ರಕ್ತಮಾಂಸಗಳ ದ್ರವಭಾಗ ತುಂಬಿ, ಒತ್ತಿ, ಗುಂಡನ್ನು ಅಣಬೆಯಂತೆ ಅರಳಿಸುತ್ತದೆ. ಅರಳಿದ ಗುಂಡು ತನ್ನ ಬಲವನ್ನೆಲ್ಲ ಅಲ್ಲಿಯೇ ವ್ಯಯಮಾಡಿ ನಿಲ್ಲುತ್ತದೆ, ಆಚೆಗೆ ಹೊರಡುವುದಿಲ್ಲ. ಈ ಅರಳುವ ಗುಂಡಿನ ವಂಶಾವಳಿಯಲ್ಲಿ ಹಿಂದೂಸ್ಥಾನದ ಹೆಸರೂ ಬರುತ್ತದೆ. 1890ರ ದಶಕದಲ್ಲಿ ಕಲ್ಕತ್ತೆಯ ಹತ್ತಿರದ ದಮ್‌ದಮ್ ಶಸ್ತ್ರಾಗಾರದಲ್ಲಿ ಕ್ಯಾಪ್ಟನ್ ಬರ್ಟಿ-ಕ್ಲೇ ಎಂಬ ಅಧಿಕಾರಿಯು ಗುಂಡಿನ ಮೂತಿಯ ಲೋಹದ ಹೊದಿಕೆಯನ್ನು ತೆಗೆದು, ಸೀಸವನ್ನು ಬರಿದು ಬಿಟ್ಟನು. ವಾಯವ್ಯ ಗಡಿಯ ಯುದ್ಧಗಳಲ್ಲಿ ಅದು ಮಾಡಿದ ಗಾಯಗಳನ್ನು ನೋಡಿ ಯೂರೋಪಿನವರೇ ಬೆಚ್ಚಿದರು. 1899ರ ಹೇಗ್ ಸಮ್ಮೇಳನದಲ್ಲಿ ಯುದ್ಧದಲ್ಲಿ ಇಂತಹ ಗುಂಡನ್ನು ಬಳಸಕೂಡದೆಂದು ಘೋಷಣೆಯಾಯಿತು. ಮನುಸ್ಮೃತಿಯ ಏಳನೆಯ ಅಧ್ಯಾಯವನ್ನು ಓದಿದವರಿಗೆ ಈ ಘೋಷಣೆ ಹೊಸದಾಗಿ ಕಾಣದು. ಕೂಟಾಯುಧ, ವಿಷ ಬಳಿದ ಬಾಣ, ಉರಿಯುವ ಬಾಣ ಇವುಗಳೊಡನೆ 'ಕರ್ಣಿ'ಯನ್ನೂ, ಎಂದರೆ ಹೊಕ್ಕಮೇಲೆ ಹೊರತೆಗೆಯಲಾಗದ ಕಿವಿಗಳುಳ್ಳ ಬಾಣವನ್ನೂ, ರಾಜನಿಗೆ ಅಲ್ಲಿ ನಿಷೇಧಿಸಿದೆ.

ಹೀಗೆ ಯುದ್ಧದಲ್ಲಿ ಅಧರ್ಮವೆನಿಸಿದ ಆ ಗುಂಡೇ ಊರೊಳಗೆ ಪೊಲೀಸಿನವನಿಗೂ ಗೃಹಸ್ಥನಿಗೂ ಯುಕ್ತವಾದದ್ದೆಂದು ಈಗ ಅಮೆರಿಕದಲ್ಲಿ ಸಾಧಾರಣ ಅಭಿಪ್ರಾಯ. ಇದು ವಿರೋಧಾಭಾಸವೆಂದು ನಗಬಹುದು. ಆದರೆ ನಗುವ ಮುಂಚೆ ಗೋಡೆಯ ಆಚೆಗಿನ ಹಾಸಿಗೆಯನ್ನು ನೆನೆಯಬೇಕು. ಹೊಕ್ಕಲ್ಲಿ ನಿಲ್ಲದ ಗುಂಡು ನಿರಪರಾಧಿಯನ್ನು ಹುಡುಕುತ್ತದೆ. ಪೊಳ್ಳು ಮೂತಿಯೂ ಅಚೂಕವಾದ ಉಪಾಯವಲ್ಲ: ಗುರಿ ತಪ್ಪಿ ಮೊದಲು ಗೋಡೆಗೆ ತಗುಲಿದರೆ ಕುಳಿಯಲ್ಲಿ ಜಿಪ್ಸಮ್ಮಿನ ಪುಡಿ ತುಂಬಿಕೊಂಡು ಗುಂಡು ಅರಳುವುದನ್ನೇ ಮರೆಯುತ್ತದೆ, ಸುಮ್ಮನೆ ಸಾಗುತ್ತದೆ. ತಪ್ಪಿದ ಗುಂಡಿಗೆ ಯಾವ ಕಾರ್ಖಾನೆಯವರೂ ಹೊಣೆ ಹೊರಲಾರರು.

ಅತಿ ಕಡಿಮೆ ಹೊಗುವುದೂ ದೋಷವೆಂದು 1986ರ ಏಪ್ರಿಲ್ 11ರಂದು ಮಯಾಮಿ ನಗರದಲ್ಲಿ ತಿಳಿದುಬಂದಿತು. ಅಂದು ಇಬ್ಬರು ದರೋಡೆಕಾರರನ್ನು ಎಂಟು ಮಂದಿ ಗುಪ್ತಪೊಲೀಸರು ಅಡ್ಡಗಟ್ಟಿದಾಗ, ಮುಖ್ಯ ಅಪರಾಧಿಯ ಎದೆಯತ್ತ ಹೋದ ಒಂದು ಗುಂಡು ಹೃದಯಕ್ಕೆ ಸ್ವಲ್ಪ ಈಚೆಯೇ ನಿಂತಿತು. ಅವನು ಅದಾದ ಮೇಲೂ ಹೋರಾಡಿದನು. ಇಬ್ಬರು ಪೊಲೀಸರು ಸತ್ತರು, ಐವರು ಗಾಯಗೊಂಡರು. ಆಮೇಲೆ ಆ ಇಲಾಖೆಯವರು ಗುಂಡುಗಳನ್ನು ಜೆಲಟಿನ್ನಿನ ಗಟ್ಟಿಗಳೊಳಕ್ಕೆ ಹಾರಿಸಿ ಅಳೆದು, 12 ಅಂಗುಲಕ್ಕೆ ಕಡಿಮೆಯಿಲ್ಲದೆ 18 ಅಂಗುಲಕ್ಕೆ ಹೆಚ್ಚಿಲ್ಲದೆ ಹೊಗುವುದೇ ಉಚಿತವೆಂದು ನಿಯಮಮಾಡಿದರು. ಅಂಗಡಿಯ ಪೆಟ್ಟಿಗೆಗಳಲ್ಲಿ ಈ ಮಾನವನ್ನು ಮುಟ್ಟುವ ತೋಟಾ .357ರಲ್ಲಿಯೂ ಉಂಟು, ಅದರ ಅರ್ಧದಷ್ಟು ಒದೆತವಿಲ್ಲದ .38ರಲ್ಲಿಯೂ ಉಂಟು. ಗೃಹಸ್ಥನು ಗಮನಿಸಬೇಕಾದದ್ದು ಇದನ್ನೇ, ಪೆಟ್ಟಿಗೆಯ ಹಣೆಬರಹವನ್ನಲ್ಲ.

ಒದೆತದ ಮಾತು ಬಂದಿತು. ಮ್ಯಾಗ್ನಮ್ಮನ್ನು ಹಾರಿಸಿದಾಗ ಅಂಗೈ ಉರಿಯುತ್ತದೆ, ನಳಿಗೆಯ ಮೂತಿ ಮೇಲಕ್ಕೆ ಎಗರುತ್ತದೆ, ಎರಡನೆಯ ಗುರಿಗೆ ಅದನ್ನು ಇಳಿಸುವಷ್ಟರಲ್ಲಿ ಕಾಲ ಸಲ್ಲುತ್ತದೆ. ನಳಿಗೆ ಗಿಡ್ಡವಾದರೆ ಮದ್ದು ಪೂರ್ತಿಯಾಗಿ ಉರಿಯುವ ಮೊದಲೇ ಗುಂಡು ಹೊರಬೀಳುತ್ತದೆ. ಉಳಿದ ಮದ್ದು ಹೊರಗೆ ಬೆಂಕಿಯ ಚೆಂಡಾಗಿ ಉರಿದು, ಕತ್ತಲಲ್ಲಿ ಹಾರಿಸಿದವನನ್ನೇ ಕುರುಡಾಗಿಸುತ್ತದೆ. ಸದ್ದು 160 ಡೆಸಿಬೆಲ್ಲಿಗೆ ಮೀರಿದ್ದು. 140ಕ್ಕೆ ಕಿವಿಗೆ ಹಾನಿ. ಮುಚ್ಚಿದ ಕೋಣೆಯಲ್ಲಿ ಒಮ್ಮೆ ಹಾರಿಸಿದರೆ, ಆಮೇಲೆ ಹೆಂಡತಿ ಕೂಗಿದ್ದೂ ಕೇಳದು.

ಈ ಒದೆತಕ್ಕೆ ಅಂಜಿ ಜನರು ಒಂದು ಸುಲಭೋಪಾಯವನ್ನು ಹಿಡಿದರು: ಅಭ್ಯಾಸಕ್ಕೆ .38, ಸೊಂಟದಲ್ಲಿ ಮ್ಯಾಗ್ನಮ್. ಇದರ ಫಲವನ್ನು 1970ರ ಏಪ್ರಿಲ್ 5ರ ನಡುರಾತ್ರಿಯ ಹೊತ್ತಿಗೆ ಕ್ಯಾಲಿಫೋರ್ನಿಯದ ನ್ಯೂಹಾಲ್‌ನಲ್ಲಿ ಕಾಣಬೇಕಾಯಿತು. ಒಂದು ಉಪಾಹಾರಗೃಹದ ಅಂಗಳದಲ್ಲಿ ಇಬ್ಬರು ಶಸ್ತ್ರಧಾರಿ ಅಪರಾಧಿಗಳು ಹೆದ್ದಾರಿ ಪೊಲೀಸಿನ ನಾಲ್ವರು ತರುಣರನ್ನು ಕೆಲವೇ ನಿಮಿಷಗಳಲ್ಲಿ ಕೊಂದರು. ನಾಲ್ವರೂ ಇಪ್ಪತ್ತೈದು ವಯಸ್ಸು ದಾಟದವರು, ಸೇವೆಗೆ ಸೇರಿ ಎರಡು ವರ್ಷವೂ ಆಗದವರು. ಅವರಿಗೆ ಗುರಿಯ ಬಯಲಿನಲ್ಲಿ ಅಭ್ಯಾಸಮಾಡಿಸಿದ್ದು .38ರ ಸೌಮ್ಯವಾದ ತೋಟಾಗಳಲ್ಲಿ. ಅವರಲ್ಲಿ ಕೆಲವರು ಆ ರಾತ್ರಿ ತುಂಬಿಕೊಂಡಿದ್ದುದು ಮ್ಯಾಗ್ನಮ್. ಅವರಲ್ಲೊಬ್ಬನು ಆರು ತೋಟಾಗಳನ್ನೂ ಮುಗಿಸಿ, ಚೀಲದಿಂದ ಒಂದೊಂದಾಗಿ ತೆಗೆದು ಮತ್ತೆ ತುಂಬುತ್ತಿರುವಾಗ ಹತನಾದನು. ಅವರ ಸಾವಿಗೆ ಕಾರಣಗಳು ಅನೇಕ. ಅಪರಾಧಿಗಳ ಕ್ರೌರ್ಯವೇ ಮೊದಲನೆಯದು. ಆದರೂ ಲಘುಕೌಮುದಿಯನ್ನು ಮಾತ್ರ ಪಾಠಹೇಳಿ ಮಹಾಭಾಷ್ಯದಲ್ಲಿ ಪರೀಕ್ಷೆ ಕೊಟ್ಟರೆ ವಿದ್ಯಾರ್ಥಿಯು ತಡವರಿಸುತ್ತಾನೆ. ಅದು ವಿದ್ಯಾರ್ಥಿಯ ದೋಷವಲ್ಲ. ಪರೀಕ್ಷಾಮಂದಿರದಲ್ಲಾದರೆ ಮುಂದಿನ ವರ್ಷವೆಂಬುದೊಂದಿದೆ. ಆ ನಾಲ್ವರ ಮರಣಾನಂತರ ಶಿಕ್ಷಣಕ್ರಮವನ್ನು ತಿದ್ದಿದರು. ಆರು ತೋಟಾಗಳನ್ನೂ ಒಮ್ಮೆಗೇ ತುಂಬುವ ಸಾಧನವನ್ನು ಪೊಲೀಸರಿಗೆ ಕೊಟ್ಟರು.

ಆಯುಧಕ್ಕೂ ಸಹನೆಯ ಮಿತಿಯಿದೆ. 1955ರಲ್ಲಿ ಗಡಿಕಾವಲಿನ ಬಿಲ್ ಜಾರ್ಡನ್ ಎಂಬವನ ಸಲಹೆಯಂತೆ, ಸೊಂಟದಲ್ಲಿ ದಿನವೆಲ್ಲ ಹೊರಬಹುದಾದ ಮಧ್ಯಮ ಚೌಕಟ್ಟಿನ ಮ್ಯಾಗ್ನಮ್ ರಿವಾಲ್ವರೊಂದು ಬಂದಿತು. ಅವನ ಅಭಿಪ್ರಾಯದಲ್ಲಿ ಅದು ಹೆಚ್ಚಾಗಿ .38ನ್ನೂ ಅಪರೂಪವಾಗಿ ಮ್ಯಾಗ್ನಮ್ಮನ್ನೂ ಹಾರಿಸಬೇಕಾದದ್ದು. ನ್ಯೂಹಾಲ್‌ನ ಪಾಠವನ್ನು ಕಲಿತ ಇಲಾಖೆಗಳು ಹೊರುವ ತೋಟಾದಲ್ಲಿಯೇ ಅಭ್ಯಾಸಮಾಡಿಸತೊಡಗಿದಾಗ, 125 ಗ್ರೈನಿನ ಹಗುರವಾದ ವೇಗದ ಗುಂಡುಗಳ ಬಿಸಿ ಅನಿಲವು ನಳಿಗೆಯ ಹಿಂತುದಿಯನ್ನು ಕೊರೆದು, ಅದು ಕೆಳಭಾಗದಲ್ಲಿ ಸೀಳತೊಡಗಿತು. ಹೀಗೆ ಮನುಷ್ಯನನ್ನು ತಿದ್ದಿದರೆ ಉಕ್ಕು ಸೀಳಿತು. ಕಾರ್ಖಾನೆಯವರು 1980ರ ದಶಕದ ಆರಂಭದಲ್ಲಿ ಇನ್ನೂ ತುಸು ದಪ್ಪನೆಯ ಚೌಕಟ್ಟನ್ನು ಮಾಡಬೇಕಾಯಿತು. ಈಚೆಗೆ ಇದಕ್ಕೆ ವಿರುದ್ಧದ ಹುಚ್ಚೂ ಹುಟ್ಟಿದೆ: ಟೈಟೇನಿಯಮ್ ಮುಂತಾದ ಹಗುರ ಲೋಹಗಳಿಂದ, ಜೇಬಿನಲ್ಲಿ ಮರೆತುಹೋಗುವಷ್ಟು ಹಗುರವಾದ ಮ್ಯಾಗ್ನಮ್ ರಿವಾಲ್ವರು. ಅದರ ಒದೆತ ಎಷ್ಟು ಉಗ್ರವೆಂದರೆ, ಒಂದು ತೋಟಾ ಹಾರಿದ ರಭಸಕ್ಕೆ ಪಕ್ಕದ ತೋಟಾಗಳ ಗುಂಡುಗಳು ಕೋಶದಿಂದ ಜಾರಿ ಮುಂದಕ್ಕೆ ಬಂದು, ಉರುಳೆ ತಿರುಗದಂತೆ ಕಚ್ಚಿಕೊಳ್ಳುವುದುಂಟು. ಪ್ರಾಣ ಉಳಿಸಲೆಂದು ತಂದ ವಸ್ತು ಆಗ ಕೈಯಲ್ಲಿರುವ ಕಬ್ಬಿಣದ ತುಂಡಷ್ಟೇ.

ಇನ್ನು ಕರಡಿ. ಅಲಾಸ್ಕ, ಮೊಂಟಾನ, ವಯೋಮಿಂಗ್ ಈ ಸೀಮೆಗಳ ಕಂದುಕರಡಿಯ ವಿಷಯದಲ್ಲಿ ಮನೆಯ ನ್ಯಾಯವೆಲ್ಲ ತಲೆಕೆಳಗು. ದಪ್ಪ ಚರ್ಮ, ಕೊಬ್ಬು, ಮಾಂಸಖಂಡ, ಎಲುಬು ಇವನ್ನೆಲ್ಲ ದಾಟಿ ಒಳಗಿನ ಮರ್ಮಸ್ಥಾನವನ್ನು ಮುಟ್ಟಬೇಕಾದುದರಿಂದ, ಬೇಗ ಅರಳಿ ನಿಲ್ಲುವ ಪೊಳ್ಳು ಮೂತಿ ಅಲ್ಲಿ ನಿರುಪಯೋಗಿ. ಗಡುಸಾಗಿ ಎರಕಹೊಯ್ದ, ಚಪ್ಪಟೆ ಮೂತಿಯ, ಭಾರವಾದ ಗುಂಡೇ ಬೇಕು. .357ರಲ್ಲಿ 180 ಗ್ರೈನಿಗೆ ಕಡಿಮೆಯದು ಅಲ್ಲಿ ಸಾಲದೆಂದೂ, .44 ಇದ್ದರೆ ಉತ್ತಮವೆಂದೂ ಬಲ್ಲವರು ಹೇಳುತ್ತಾರೆ. ಆದರೆ ಓಡಿಬರುವ ಕರಡಿಗೆ ಎರಡು ಸೆಕೆಂಡಿನೊಳಗೆ ಗುರಿಯಿಡುವುದು ಎಲ್ಲರ ಕೈಯಲ್ಲಾಗುವ ಕೆಲಸವಲ್ಲ. ಮೆಣಸಿನಕಾಯಿಯ ಸತ್ವವನ್ನು ಮೋಡದಂತೆ ಎರಚುವ ಡಬ್ಬಿಯೊಂದು ಅಲ್ಲಿಯ ಅಂಗಡಿಗಳಲ್ಲಿ ಸಿಕ್ಕುತ್ತದೆ. ಅಲಾಸ್ಕದ ಪ್ರಸಂಗಗಳನ್ನು ಕಲೆಹಾಕಿ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅದನ್ನು ಬಳಸಿದ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸಾರಿ ಕಂದುಕರಡಿಯು ತನ್ನ ಅನಿಷ್ಟವರ್ತನೆಯನ್ನು ಬಿಟ್ಟಿತೆಂದು ಕಂಡಿತು. ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆಗೆ ಮನೆಮಂದಿಯೆಲ್ಲ ಕೆಮ್ಮುತ್ತ ಬೀದಿಗೆ ಬಂದದ್ದನ್ನು ನೋಡಿದವರು ಇದನ್ನು ಸುಲಭವಾಗಿ ನಂಬಿಯಾರು.

ಮ್ಯಾಗ್ನಮ್ಮಿನ ಹೆಸರನ್ನು ಲೋಕದ ಮೂಲೆಮೂಲೆಗೂ ಒಯ್ದದ್ದು ಮಾತ್ರ ಬೇಟೆಗಾರರೂ ಅಲ್ಲ, ಪೊಲೀಸರೂ ಅಲ್ಲ, ಚಲಚ್ಚಿತ್ರ. 1971ರಲ್ಲಿ ಬಂದ 'ಡರ್ಟಿ ಹ್ಯಾರಿ' ಎಂಬ ಚಿತ್ರದ ನಾಯಕನು .44ನ್ನು ಹಿಡಿದು ಅದೇ ಲೋಕದಲ್ಲೆಲ್ಲ ಬಲಿಷ್ಠವಾದ ಕೈಬಂದೂಕವೆಂದು ಗರ್ಜಿಸಿದಮೇಲೆ, ಅಂಗಡಿಗಳಲ್ಲಿ ಆ ರಿವಾಲ್ವರು ಸಿಕ್ಕುವುದೇ ದುರ್ಲಭವಾಯಿತು. 1973ರಲ್ಲಿ ಅದರ ಮುಂದಿನ ಚಿತ್ರ ಬಂದಿತು. ಅದರಲ್ಲಿ ಇತರ ಪೊಲೀಸರು ಕೇಳಿದಾಗ ಅದೇ ನಾಯಕನು, ತಾನು ಅದರಲ್ಲಿ ತುಂಬುವುದು ಹಗುರವಾದ ಸ್ಪೆಷಲ್ ತೋಟಾ, ಅದರಿಂದ ಹತೋಟಿ ಹೆಚ್ಚು, ಒದೆತ ಕಡಿಮೆ ಎಂದು ಮೆಲ್ಲಗೆ ಉತ್ತರಕೊಡುತ್ತಾನೆ. ಗರ್ಜನೆ ಎಲ್ಲರಿಗೂ ಬಾಯಿಪಾಠವಾಯಿತು. ಈ ಮೆಲುಮಾತನ್ನು ಕೇಳಿಸಿಕೊಂಡವರು ಕಡಿಮೆ.

ಅಂಗಡಿಯಲ್ಲಿ ನಿಂತ ಗೃಹಸ್ಥನು ಬಹುಹೊತ್ತು ಪೆಟ್ಟಿಗೆಗಳನ್ನು ಎತ್ತಿ ಇಟ್ಟು ನೋಡಿ, ಕಡೆಗೆ ಮನೆಗೆಂದು .38ರಲ್ಲಿ ಪೊಳ್ಳು ಮೂತಿಯ ಒಂದು ಪೆಟ್ಟಿಗೆಯನ್ನೂ, ಅಭ್ಯಾಸಕ್ಕೆಂದು ಅದೇ ತೂಕದ, ಅಷ್ಟೇ ಒದೆಯುವ ಅಗ್ಗದ ಪೆಟ್ಟಿಗೆ ನಾಲ್ಕನ್ನೂ ತೆಗೆದುಕೊಳ್ಳುತ್ತಾನೆ. ಕಾಡಿಗೆಂದು 180 ಗ್ರೈನಿನ ಗಡುಸು ಗುಂಡಿನದು ಒಂದು, ಮೆಣಸಿನ ಡಬ್ಬಿ ಒಂದು. ಅಂಗಡಿಯವನು ಲೆಕ್ಕ ಬರೆಯುವ ಮೊದಲು ಹಿತ್ತಾಳೆಯ ಕೂದಲುಗಳ ಒಂದು ಕುಂಚವನ್ನು ತೆಗೆದು ಮುಂದಿಡುತ್ತಾನೆ. .38ರ ಕೋಶ ಗಿಡ್ಡವಾದುದರಿಂದ, ಅದನ್ನು ಬಹಳವಾಗಿ ಹಾರಿಸಿದರೆ ತೂತಿನೊಳಗೆ ಬಳೆಯಂತೆ ಮಸಿ ಕಟ್ಟುತ್ತದೆ; ಆಮೇಲೆ ಉದ್ದನೆಯ ಮ್ಯಾಗ್ನಮ್ಮು ಒಳಗೆ ಹೋಗದೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಬೆಟ್ಟಕ್ಕೆ ಹೊರಡುವ ಹಿಂದಿನ ದಿನ ಆರು ತೂತುಗಳನ್ನೂ ಈ ಕುಂಚದಿಂದ ಉಜ್ಜಿ, ಬೆಳಕಿಗೆ ಹಿಡಿದು ನೋಡಬೇಕೆಂದು ಅಂಗಡಿಯವನು ಹೇಳುತ್ತಾನೆ. ಗೃಹಸ್ಥನು ತಲೆಯಾಡಿಸಿ ಅದನ್ನೂ ಚೀಲಕ್ಕೆ ಹಾಕಿಕೊಂಡು, ಪೆಟ್ಟಿಗೆಗಳನ್ನಿಡಲು ಬೀಗವಿರುವ ಕಬ್ಬಿಣದ ಪೆಟ್ಟಿಗೆ ಎಷ್ಟಕ್ಕೆ ಸಿಕ್ಕುತ್ತದೆಂದು ವಿಚಾರಿಸುತ್ತಾನೆ.